ದೇವರಾಯನದುರ್ಗದ ಜಲಸಂಪತ್ತು

ಪರ್ವತಕ್ಕೆ ಸಂಸ್ಕೃತದಲ್ಲಿ ಭೂಧರವೆಂಬ ಹೆಸರುಂಟು. ತುಮಕೂರಿಗೆ ಸುಮಾರು 15 ಕಿಲೋಮೀಟರು ದೂರದ ದೇವರಾಯನದುರ್ಗವಾದರೋ ಭೂಮಿಯೊಡನೆ ನೀರನ್ನೂ ಧರಿಸಿರುವ ಬೆಟ್ಟ. ತಪ್ಪಲಿನ ನಾಮದ ಚಿಲುಮೆಯಲ್ಲಿ ಬಂಡೆಯಿಂದ ಜಿನುಗುವ ನೀರನ್ನು ನೋಡಿದಾಗ ನಮಗೆ ಈ ಮಾತು ಮನದಟ್ಟಾಯಿತು.

ಈ ಒಂದೇ ಗಿರಿಸಮೂಹದಲ್ಲಿ ಎರಡು ಹೊಳೆಗಳು ಹುಟ್ಟುತ್ತವೆ. ಜಯಮಂಗಲಿಯು ಉತ್ತರಕ್ಕಿಳಿದು ಕೊರಟಗೆರೆ, ಮಧುಗಿರಿಯ ಸೀಮೆಗಳನ್ನು ಹಾದು ಉತ್ತರಪಿನಾಕಿನಿಯನ್ನು ಸೇರುವುದು. ಶಿಂಷೆಯು ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ತಂಗಿ, ಕಡೆಗೆ ಕಾವೇರಿಯಲ್ಲಿ ಲೀನವಾಗುವುದು. ಒಂದೇ ಮನೆಯ ಹೆಣ್ಣುಮಕ್ಕಳನ್ನು ಎರಡು ದಿಕ್ಕಿಗೆ ಕೊಟ್ಟಂತಾಯಿತು. ಮಾರ್ಕೋನಹಳ್ಳಿಯಲ್ಲಿ ನೀರು ಮೇರೆ ಮೀರಿದರೆ, ಬಾಗಿಲು ತೆರೆಯುವವರಿಲ್ಲದೆಯೇ ಸೈಫನ್ನುಗಳು ಅದನ್ನು ಹೊರಚೆಲ್ಲುತ್ತವೆ.

ಈಗ ಗೊರೂರಿನಿಂದ ಹೇಮಾವತಿಯ ನೀರೂ ನಾಲೆಯಲ್ಲಿ ನಮ್ಮ ಜಿಲ್ಲೆಗೆ ಬರುತ್ತಿದೆ. ಹಾಗೆಂದು ತವರಿನ ಬೆಟ್ಟವನ್ನು ಮರೆಯಬಹುದೆ? ಕಾಡಿನ ಬೇರು, ತರಗೆಲೆಗಳು ಮಳೆಯನ್ನು ತಡೆದು ಮಣ್ಣಿಗಿಳಿಸುತ್ತವೆ. ಬೆಟ್ಟ ಬೋಳಾದರೆ ನೀರು ಒಂದೇ ಗಳಿಗೆಯಲ್ಲಿ ಹರಿದುಹೋಗುವುದು. ಕೆರೆಗೆ ಹೂಳು ಮಾತ್ರ ಉಳಿಯುವುದು. ಆಗ ಗುಬ್ಬಿಯ ತೆಂಗು ಅಡಿಕೆಗಳ ಗತಿಯೇನು? ಬೇಸಗೆಯಲ್ಲಿ ಬೆಟ್ಟವೇರುವವರು ಅಲ್ಲಿ ಬೆಂಕಿ ಹೊತ್ತಿಸದೆ ಬರಲಿ. ತೋಟವಿರುವ ಪ್ರತಿಯೊಂದು ಮನೆಗೂ ಅದರಿಂದ ಉಪಕಾರವುಂಟು.