ನಾಲ್ಕನೆಯ ಶೀಲ

ಕಲಬುರಗಿಯ ಬೇಳೆ ಮಿಲ್ಲೊಂದರಲ್ಲಿ ಹಮಾಲಿ ಮಾಡುವ ಅಪ್ಪ. ಮಗ ಬಿ.ಎ. ಎರಡನೇ ವರ್ಷ. ದಿನವಿಡೀ ತೊಗರಿ ಚೀಲ ಹೊತ್ತು ಸಂಜೆ ಮನೆಗೆ ಬಂದ ಅಪ್ಪ ಮೊದಲು ಕೇಳುವ ಮಾತು ಒಂದೇ: "ಇವತ್ತ ಕಾಲೇಜಿಗಿ ಹೋಗಿದ್ಯೇನಪಾ?" 2024ರ ಏಪ್ರಿಲ್‌ನಲ್ಲಿ ಮಗ ದಿನವೂ "ಹೂಂ" ಎಂದ. ಬಹಳಷ್ಟು ದಿನ ಹೋಗಿರಲಿಲ್ಲ.

ಮೇ 7ಕ್ಕೆ ಲೋಕಸಭಾ ಚುನಾವಣೆಯ ಮತದಾನವಿತ್ತು. ಓಣಿಯ ಹುಡುಗರ ಜೊತೆ ಅವನೂ ಪ್ರಚಾರಕ್ಕೆ ಇಳಿದಿದ್ದ. ದುಡ್ಡಿಗಾಗಿ ಅಲ್ಲ. ಕೆಂಡದಂಥ ಬಿಸಿಲಲ್ಲಿ ಮನೆಮನೆ ತಿರುಗಿ ಮತದಾರರ ಪಟ್ಟಿಯಲ್ಲಿ ಹೆಸರು ಹುಡುಕಿಕೊಡುವುದು, ಮುದುಕರಿಗೆ ಮತಗಟ್ಟೆ ಎಲ್ಲಿದೆ ಎಂದು ತಿಳಿಸುವುದು, ಸಂಜೆ ಸಭೆಗೆ ಕುರ್ಚಿ ಹಾಕುವುದು ಅವನ ಕೆಲಸ. ಓದು ಬಾರದ ಒಬ್ಬ ಅಜ್ಜಿ ಪಟ್ಟಿಯಲ್ಲಿದ್ದ ತನ್ನ ಹೆಸರಿನ ಮೇಲೆ ಬೆರಳಿಟ್ಟು ಸುಮ್ಮನೆ ನಿಂತಿದ್ದಳು. ರಾಜ್ಯಶಾಸ್ತ್ರದ ಪಾಠದಲ್ಲಿ ಸಿಗದ ಏನೋ ಒಂದು ಅವನಿಗೆ ಆಗ ಸಿಕ್ಕಿತ್ತು.

ಇನ್ನೊಂದು ಸೆಳೆತವೂ ಇತ್ತು. ವಿಶ್ವವಿದ್ಯಾಲಯದ ಹತ್ತಿರ 2009ರಲ್ಲಿ ಅಂದಿನ ರಾಷ್ಟ್ರಪತಿ ಪ್ರತಿಭಾ ಪಾಟೀಲರು ಉದ್ಘಾಟಿಸಿದ ಬುದ್ಧ ವಿಹಾರವಿದೆ. ಭಾನುವಾರ ಅಲ್ಲಿಗೆ ಹೋಗಿ ಕಣ್ಣು ಮುಚ್ಚಿ ಅರ್ಧ ಗಂಟೆ ಕುಳಿತರೆ ವಾರದ ಗದ್ದಲವೆಲ್ಲ ಇಳಿಯುತ್ತಿತ್ತು. ಹತ್ತು ದಿನದ ಧ್ಯಾನ ಶಿಬಿರಕ್ಕೆ ಬಾ ಎಂದು ಗೆಳೆಯ ಕರೆಯುತ್ತಿದ್ದ. "ಡಿಗ್ರಿ ಎಲ್ಲಿಗಿ ಹೋಗ್ತದ, ಪೂರಾ ನಮ್ಮ ಜೋಡಿ ಬಾ" ಎಂದು ಓಣಿಯ ಮುಖಂಡರು ಕರೆಯುತ್ತಿದ್ದರು. ಕಾಲೇಜಿನಲ್ಲಿ ಕಿರು ಪರೀಕ್ಷೆಯೊಂದು ಆಗಲೇ ತಪ್ಪಿತ್ತು.

ಬಾಬಾಸಾಹೇಬರು ಮೂರನ್ನೂ ಮಾಡಲಿಲ್ಲವೇ ಎಂಬುದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಸಮಾಧಾನ. ಆದರೆ ಅವರ ಜೀವನಚರಿತ್ರೆ ಓದಿದಾಗ ಆ ಮೂರೂ ಒಂದೇ ಬೇಸಿಗೆಯಲ್ಲಿ ಬಂದದ್ದಲ್ಲ ಎಂದು ಕಂಡಿತು. 1907ರಲ್ಲಿ ಮೆಟ್ರಿಕ್ ಪಾಸಾದಾಗ ಕೃಷ್ಣಾಜಿ ಕೇಳೂಸ್ಕರರು ತಾವೇ ಬರೆದ ಮರಾಠಿ ಬುದ್ಧಚರಿತ್ರೆಯನ್ನು ಆ ಹುಡುಗನಿಗೆ ಕೊಟ್ಟರು. ಆತ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ. ನಡುವೆ 49 ವರ್ಷ. 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಲಾಲಾ ಲಜಪತರಾಯರು ಸ್ವಾತಂತ್ರ್ಯದ ಕೆಲಸಕ್ಕೆ ಕರೆದಾಗ, ಮಹಾರಾಜರಿಗೆ ಕೊಟ್ಟ ಮಾತಿದೆ, ಓದು ಮುಗಿಯಬೇಕು ಎಂದು ಒಪ್ಪಲಿಲ್ಲ ಎನ್ನುತ್ತಾರೆ ಜೀವನಚರಿತ್ರೆಕಾರರು.

ಹಾಗೆಂದು ಓದು ಮುಗಿಯುವವರೆಗೆ ಅವರು ಕೈಕಟ್ಟಿ ಕೂರಲಿಲ್ಲ. 1920ರ ಜನವರಿಯಲ್ಲಿ 'ಮೂಕನಾಯಕ' ಪತ್ರಿಕೆ ಆರಂಭಿಸಿದರು. ಅದೇ ವರ್ಷ ಅರ್ಧಕ್ಕೆ ನಿಂತಿದ್ದ ಓದನ್ನು ಮುಗಿಸಲು ಲಂಡನ್ನಿಗೆ ಹೊರಟರು. ಓದೋ ಚಳವಳಿಯೋ ಎಂಬ ಪ್ರಶ್ನೆಗೆ ಅವರ ಬದುಕಿನಲ್ಲಿ ಒಂದೇ ಸಾಲಿನ ಉತ್ತರವಿಲ್ಲ. ಹುಡುಗನ ಮನಸ್ಸು ಮಾತ್ರ 'ಕೊಟ್ಟ ಮಾತು' ಎಂಬಲ್ಲೇ ನಿಂತಿತು. ಅವನಿಗೆ ವಿದ್ಯಾರ್ಥಿವೇತನ ಕೊಡುತ್ತಿದ್ದ ಮಹಾರಾಜ ದಿನವೂ ಚೀಲ ಹೊರುತ್ತಿದ್ದ.

ಮುಂದಿನ ಭಾನುವಾರ ವಿಹಾರದಲ್ಲಿ ಎಲ್ಲರೂ ಪಂಚಶೀಲ ಹೇಳುತ್ತಿದ್ದರು. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಕೆಟ್ಟ ನಡತೆಗಿಳಿಯುವುದಿಲ್ಲ ಎಂಬ ಮೂರು ಸಲೀಸಾಗಿ ಬಂದವು. ನಾಲ್ಕನೆಯದು ಸುಳ್ಳಾಡುವುದಿಲ್ಲ ಎಂಬುದು. ಅವನ ನಾಲಿಗೆ ತಡೆಯಿತು. ಅಕ್ಕಪಕ್ಕದವರು ಐದನೆಯದಕ್ಕೆ ಹೋಗಿದ್ದರು.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಎಲ್ಲ ಹೇಳಿಬಿಟ್ಟ. ಅಪ್ಪನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

"ಎಷ್ಟ ದಿನ ಹೋಗಿಲ್ಲ?"

"ಹದಿನಾಲ್ಕು."

"ಇಲೆಕ್ಷನ್ ಕೆಲಸ ಮಾಡಬ್ಯಾಡ ಅಂತ ನಾ ಅಂದಿದ್ದಿಲ್ಲ. ಸುಳ್ಳ ಯಾಕ ಹೇಳ್ದಿ?"

ಅದಕ್ಕೆ ಉತ್ತರವಿರಲಿಲ್ಲ. ಅಪ್ಪ ಊಟ ಮುಗಿಸಿ, ಕೈ ತೊಳೆದು ಬಂದು ಕೇಳಿದ, "ಇನ್ನ ಎಷ್ಟ ದಿನ ತಪ್ಪಿದ್ರ ಪರೀಕ್ಷಾಕ್ಕ ಕೂಡಸಂಗಿಲ್ಲ?" ಪ್ರಚಾರದ ಕರಪತ್ರವೊಂದರ ಹಿಂಬದಿಯಲ್ಲಿ ಇಬ್ಬರೂ ಲೆಕ್ಕ ಹಾಕಿದರು. ಹಾಜರಿ ಅಂಚಿನಲ್ಲಿತ್ತು. ಬೆಳಿಗ್ಗೆ ಕಾಲೇಜು, ಸಂಜೆ ಎರಡು ಗಂಟೆ ಓಣಿಯ ಕೆಲಸ, ಶಿಬಿರ ಪರೀಕ್ಷೆಯಾದ ಮೇಲೆ ಎಂದು ತೀರ್ಮಾನವಾಯಿತು. ತಪ್ಪಿದ ಕಿರು ಪರೀಕ್ಷೆಯ ಅಂಕ ಹೋದದ್ದು ಹೋಯಿತು. ಪೂರಾ ಬರುವುದಿಲ್ಲ ಎಂದದ್ದಕ್ಕೆ ಮುಖಂಡರು ನಾಲ್ಕು ದಿನ ಮುಖ ಕೊಟ್ಟು ಮಾತಾಡಲಿಲ್ಲ.

ಮರುದಿನ ಸಂಜೆ ಅಪ್ಪ ಎಂದಿನಂತೆ ಬಂದ. ಹೆಗಲ ಮೇಲಿನ ಟವೆಲ್ಲಿನಿಂದ ಬೇಳೆಯ ಧೂಳು ಕೊಡವಿದ. ಇವತ್ತು ಕೇಳಲಾರನೇನೋ ಎಂದು ಮಗನಿಗೆ ಅಳುಕಿತ್ತು. ಇನ್ನು ನಂಬಿಕೆಯೇ ಇಲ್ಲದಿದ್ದರೆ ಯಾಕೆ ಕೇಳುತ್ತಾನೆ?

"ಇವತ್ತ ಕಾಲೇಜಿಗಿ ಹೋಗಿದ್ಯೇನಪಾ?"

"ಹೋಗಿದ್ದೆ," ಎಂದ ಮಗ.