ಹಲ್ಲುಗಳ ಲೆಕ್ಕ

ಕಮಠಾಣದ ನಮ್ಮ ಮನೆಯ ಮುಂದೆ, ಬೇವಿನ ಮರದ ನೆರಳಿನಲ್ಲಿ, ಒಂದು ಹಳೆಯ ಪಿಕಪ್ ವಾಹನ ನಿಂತಿರುತ್ತದೆ. ಅದು ನನ್ನ ತಮ್ಮನ ಮಗನದು. ಜೀಪಿನ ವಂಶಕ್ಕೆ ಸೇರಿದ ಆ ಗಾಡಿಯ ಬಣ್ಣ ಮಾಸಿದೆ, ಬಾಗಿಲುಗಳು ಸದ್ದು ಮಾಡುತ್ತವೆ. ಆದರೂ ಒಂದು ಸಂಸಾರದ ಅನ್ನ ಅದರ ನಾಲ್ಕು ಚಕ್ರಗಳ ಮೇಲೆ ಉರುಳುತ್ತಿದೆ. ತರಗತಿಯಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಪಾಠ ಹೇಳಿದ ನನಗೆ ನಿವೃತ್ತಿಯ ನಂತರ ಒಂದು ಪಾಠವನ್ನು ಕಲಿಸಿದ ಕೀರ್ತಿಯೂ ಅದಕ್ಕೇ ಸಲ್ಲಬೇಕು.

2018ರ ಮಳೆಗಾಲದ ಒಂದು ಸಂಜೆ. ತಗ್ಗಿನ ಹೊಲದಿಂದ ಬಿತ್ತನೆಯ ಕಬ್ಬನ್ನು ಹೇರಿಕೊಂಡು ಬರುತ್ತಿದ್ದೆವು. ನಮ್ಮ ಬೀದರ ನಗರವು ಕೆಂಪು ಜಂಬಿಟ್ಟಿಗೆಯ ಎತ್ತರದ ನೆಲದ ಮೇಲಿದೆ. ಸುತ್ತಲಿನ ಅನೇಕ ಹೊಲಗಳು ಕೆಳಗಿನ ಕಪ್ಪು ಮಣ್ಣಿನಲ್ಲಿವೆ. ಆದ್ದರಿಂದ ಇಲ್ಲಿ ಹೇರು ಹೊತ್ತವರಿಗೆ ಏರು ತಪ್ಪಿದ್ದಲ್ಲ. ಅಂದು ದಿಣ್ಣೆಯ ನಡುವೆ ಗಾಡಿ ತಡೆದು ನಿಂತಿತು. ಕ್ಲಚ್ಚು ಸುಟ್ಟ ವಾಸನೆ ಮೂಗಿಗೆ ಬಡಿಯುವಷ್ಟರಲ್ಲಿ ಅದು ಹಿಂದಕ್ಕೆ ಜಾರತೊಡಗಿತು. ಕೆಳಗೆ ನಡೆದು ಬರುತ್ತಿದ್ದ ನನ್ನ ತಮ್ಮನ ಹೆಂಡತಿ ದಾರಿಯ ಬದಿಯ ಕಲ್ಲೊಂದನ್ನು ಎತ್ತಿ ಚಕ್ರದ ಹಿಂದೆ ಒಗೆಯದಿದ್ದರೆ ಏನಾಗುತ್ತಿತ್ತೋ ಹೇಳಲಾರೆ.

ಮರುದಿನ ಬೀದರಿನ ಮೇಸ್ತ್ರಿಯೊಬ್ಬರಲ್ಲಿಗೆ ಹೋದೆವು. ಅವರನ್ನು ಎಲ್ಲರೂ ‘ಉಸ್ತಾದ್’ ಎಂದೇ ಕರೆಯುತ್ತಾರೆ. ಅವರು ಎಂಜಿನ್ನನ್ನು ಮುಟ್ಟಲೇ ಇಲ್ಲ. ಹಿಂದಿನ ಅಚ್ಚಿನ ನಡುವೆ ಕುಂಬಳಕಾಯಿಯಂತೆ ಉಬ್ಬಿರುವ ಭಾಗದ ಮುಚ್ಚಳವನ್ನು ಬಿಚ್ಚಿ, ಒಳಗಿನ ಹಲ್ಲುಗಳನ್ನು ಎಣಿಸಿ, ಗೋಡೆಯ ಮೇಲೆ ಸೀಮೆಸುಣ್ಣದಿಂದ ‘41, 10’ ಎಂದು ಬರೆದರು.

“ಮಾಸ್ತರ್ ಸಾಬ್, ಎಂಜಿನ್ನಿನ ತಪ್ಪಿಲ್ಲ. ಇದು ಓಡೋ ಜೋಡಿ, ಎಳಿಯೋ ಜೋಡಿ ಅಲ್ಲ,” ಎಂದರು.

ಆ ಮಾತಿನ ಅರ್ಥವನ್ನು ತಿಳಿಯಬೇಕಾದರೆ ಆ ಉಬ್ಬಿನೊಳಗೆ ಏನಿದೆ ಎಂಬುದನ್ನು ಅರಿಯಬೇಕು. ಎಂಜಿನ್ನಿನ ತಿರುಗುವಿಕೆಯು ಗೇರುಪೆಟ್ಟಿಗೆಯ ಮೂಲಕ ಹಾಯ್ದು, ಒಂದು ಉದ್ದನೆಯ ದಂಡದ ಮುಖಾಂತರ ಹಿಂದಿನ ಅಚ್ಚಿಗೆ ಬರುತ್ತದೆ. ದಂಡದ ತುದಿಯಲ್ಲಿರುವ ಚಿಕ್ಕ ಹಲ್ಲಿನ ಚಕ್ರವೇ ಪಿನಿಯನ್; ಅದು ತಿರುಗಿಸುವ ದೊಡ್ಡ ಚಕ್ರವೇ ಕ್ರೌನ್. ಪಿನಿಯನ್ನಿಗೆ 10 ಹಲ್ಲು, ಕ್ರೌನಿಗೆ 41 ಹಲ್ಲು ಇದ್ದರೆ, ದಂಡವು 4.1 ಸುತ್ತು ಸುತ್ತಿದಾಗ ಗಾಡಿಯ ಚಕ್ರ ಒಂದು ಸುತ್ತು ಸುತ್ತುತ್ತದೆ. ಇದನ್ನೇ ಅಚ್ಚಿನ ಗೇರಿನ ಅನುಪಾತ ಎನ್ನುತ್ತಾರೆ. ಈ ಸಂಖ್ಯೆ ದೊಡ್ಡದಾದಷ್ಟೂ ಎಳೆಯುವ ಬಲ ಹೆಚ್ಚು, ಓಡುವ ವೇಗ ಕಡಿಮೆ. ಚಿಕ್ಕದಾದಷ್ಟೂ ವೇಗ ಹೆಚ್ಚು, ಬಲ ಕಡಿಮೆ. ಎರಡನ್ನೂ ಒಟ್ಟಿಗೆ ಕೊಡುವ ಹಲ್ಲಿನ ಜೋಡಿಯನ್ನು ಈವರೆಗೆ ಯಾರೂ ಕಡೆದಿಲ್ಲ.

ಜೀಪಿನ ಚರಿತ್ರೆಯಲ್ಲಿಯೇ ಇದಕ್ಕೆ ನಿದರ್ಶನವುಂಟು. ಎರಡನೆಯ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನಲ್ಲಿ 39 ಮತ್ತು 8 ಹಲ್ಲುಗಳ ಜೋಡಿ ಇತ್ತು. ಯುದ್ಧ ಮುಗಿದು, 1945ರಲ್ಲಿ ಅದೇ ಜೀಪು ರೈತರಿಗಾಗಿ ಮಾರುಕಟ್ಟೆಗೆ ಬಂದಾಗ 43 ಮತ್ತು 8 ಹಲ್ಲುಗಳ ಜೋಡಿಯನ್ನು ಅಳವಡಿಸಿದರು. ರಣರಂಗದಿಂದ ಹೊಲಕ್ಕೆ ಇಳಿದ ಜೀಪಿಗೆ ಬೇಕಾದದ್ದು ಓಟವಲ್ಲ, ನೇಗಿಲನ್ನು ಎಳೆಯುವ ಶಕ್ತಿ. ನಮ್ಮ ದೇಶದಲ್ಲಿ ಮಹೀಂದ್ರಾ ಸಂಸ್ಥೆಯು 1947ರಿಂದ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು; ನಮ್ಮ ಪಿಕಪ್ಪಿನ ಹಿರಿಯರು ಅವರೇ.

ನಮ್ಮ ಗಾಡಿಯ ಹಿಂದಿನ ಮಾಲೀಕರು ಹಗುರವಾದ ಸರಕನ್ನು ಹೆದ್ದಾರಿಯಲ್ಲಿ ಸಾಗಿಸುತ್ತಿದ್ದರಂತೆ. ಅವರಿಗೆ ಓಡುವ ಜೋಡಿ ಒಪ್ಪಿತ್ತು. ನಮಗೆ ಒಪ್ಪುವುದು 39 ಮತ್ತು 8, ಅಂದರೆ 4.875ರ ಅನುಪಾತ ಎಂದು ಉಸ್ತಾದ್ ತೀರ್ಮಾನಿಸಿದರು. ಇದರಿಂದ ಎಳೆತ ನೂರಕ್ಕೆ ಹತ್ತೊಂಬತ್ತರಷ್ಟು ಹೆಚ್ಚುತ್ತದೆ. ಎಂಜಿನ್ನು ಅಷ್ಟೇ ತಿರುಗಿದರೆ, ಮೊದಲು 50 ಕಿಲೋಮೀಟರ್ ಓಡುತ್ತಿದ್ದ ಗಾಡಿ ಈಗ 42 ಮಾತ್ರ ಓಡುತ್ತದೆ. ಹುಡುಗನ ಮುಖ ಸಪ್ಪಗಾಯಿತು. ಆದರೆ ದಿಣ್ಣೆಯ ಮೇಲಿನ ಆ ಸಂಜೆಯನ್ನು ಅವನು ಮರೆತಿರಲಿಲ್ಲ.

ಕೆಲಸ ಎರಡು ದಿನ ನಡೆಯಿತು. ಕ್ರೌನನ್ನು ಮಾತ್ರ ಅಥವಾ ಪಿನಿಯನ್ನನ್ನು ಮಾತ್ರ ಬದಲಾಯಿಸುವಂತಿಲ್ಲ. ಅವೆರಡನ್ನೂ ಕಾರ್ಖಾನೆಯಲ್ಲಿ ಒಂದಕ್ಕೊಂದು ಹೊಂದುವಂತೆ ತಿಕ್ಕಿ, ಜೋಡಿಯಾಗಿಯೇ ಕಳಿಸುತ್ತಾರೆ. ಉಸ್ತಾದರು ಸಿಂಧೂರವನ್ನು ಎಣ್ಣೆಯಲ್ಲಿ ಕಲಸಿ ಹಲ್ಲುಗಳಿಗೆ ಬಳಿದು, ಚಕ್ರಗಳನ್ನು ಕೈಯಿಂದ ತಿರುಗಿಸಿ, ಎಲ್ಲಿ ಬಣ್ಣ ಅಳಿಸಿತು ಎಂದು ನೋಡುತ್ತಿದ್ದರು. ಗುರುತು ಹಲ್ಲಿನ ಅಂಚಿಗೆ ಬಿದ್ದರೆ ಮತ್ತೆ ಬಿಚ್ಚಿ, ಕಾಗದದಷ್ಟು ತೆಳುವಾದ ಲೋಹದ ಬಿಲ್ಲೆಯೊಂದನ್ನು ಸೇರಿಸುವುದು ಇಲ್ಲವೆ ತೆಗೆಯುವುದು. ಹಲ್ಲು ಹಲ್ಲಿನ ನಡುವೆ ಒಂದು ಮಿಲಿಮೀಟರಿನ ಐದನೆಯ ಒಂದು ಪಾಲಿನಷ್ಟು ಮಾತ್ರ ಸಡಿಲಿರಬೇಕು. ಬಿಗಿಯಾದರೆ ಕಾದು ಸವೆಯುತ್ತದೆ. ಸಡಿಲಾದರೆ ಬಡಿದು ಮುರಿಯುತ್ತದೆ. ಐದು ಬಾರಿ ಬಿಚ್ಚಿ ಕೂಡಿಸಿದ ಮೇಲೆ ಸಿಂಧೂರದ ಗುರುತು ಹಲ್ಲಿನ ನಡುವೆ ಬಂದಿತು. ಆಗ ಅವರ ಮುಖದಲ್ಲಿ ಮೂಡಿದ ತೃಪ್ತಿಯನ್ನು ನಾನು ಬಿದರಿ ಕುಸುರಿಯ ಕೆಲಸಗಾರರ ಮುಖದಲ್ಲಿ ಮಾತ್ರ ಕಂಡಿದ್ದೇನೆ.

ಗಾಡಿ ಈಗ ಹೇರಿನೊಡನೆ ದಿಣ್ಣೆಯನ್ನು ನಿಧಾನವಾಗಿ, ಎತ್ತಿನಂತೆ ನೆಲ ಕಚ್ಚಿ ಏರಿತು. ಊರಿನವರು ತರಕಾರಿಯನ್ನು ಜಹೀರಾಬಾದಿನ ಮಾರುಕಟ್ಟೆಗೆ ಒಯ್ಯಲು ಅದನ್ನೇ ಬಾಡಿಗೆಗೆ ಹಿಡಿಯತೊಡಗಿದರು. ಕಿಲೋಮೀಟರಿಗೆ 15 ರೂಪಾಯಿ. ಲೆಕ್ಕದ ಪುಸ್ತಕವನ್ನು ಬರೆಯುವ ಭಾರ ನನ್ನದಾಗಿತ್ತು. ಮೀಟರು ತೋರಿಸಿದ್ದನ್ನು ಗುಣಿಸಿ, ಅಂದವಾದ ಅಕ್ಷರಗಳಲ್ಲಿ ಚೀಟಿ ಬರೆದು ಕೊಡುತ್ತಿದ್ದೆ.

ಒಂದು ತಿಂಗಳ ಬಳಿಕ ಹಳೆಯ ಪುಟವೊಂದು ಕಣ್ಣಿಗೆ ಬಿತ್ತು. ಮೊದಲು ಜಹೀರಾಬಾದಿಗೆ ಹೋಗಿ ಬಂದರೆ 84 ಕಿಲೋಮೀಟರ್. ಈಗಿನ ಪುಟಗಳಲ್ಲಿ 100. ಊರು ಸರಿದಿಲ್ಲ, ದಾರಿ ಬೆಳೆದಿಲ್ಲ. ಮರುದಿನ ನಾನೂ ಗಾಡಿಯಲ್ಲಿ ಕುಳಿತೆ. ಮೀಟರಿನ ಮುಳ್ಳನ್ನು 50ರ ಮೇಲೆ ನಿಲ್ಲಿಸಲು ಹುಡುಗನಿಗೆ ಹೇಳಿ, ಕೈಗಡಿಯಾರ ಹಿಡಿದು, ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿನವರೆಗೆ ಎಣಿಸಿದೆ. 72 ಸೆಕೆಂಡಿನಲ್ಲಿ ಮುಗಿಯಬೇಕಾದ ದಾರಿಗೆ 85 ಸೆಕೆಂಡು ಹಿಡಿಯಿತು. ಕಲ್ಲು ಸುಳ್ಳು ಹೇಳುವುದಿಲ್ಲ; ಸುಳ್ಳು ಹೇಳುತ್ತಿದ್ದುದು ಮೀಟರು.

ಕಾರಣ ಹೊಳೆಯಲು ತಡವಾಗಲಿಲ್ಲ. ನಮ್ಮ ಗಾಡಿಯ ಮೀಟರು ಎಣಿಸುವುದು ರಸ್ತೆಯ ಮೇಲೆ ಉರುಳುವ ಚಕ್ರದ ಸುತ್ತುಗಳನ್ನಲ್ಲ, ಅಚ್ಚಿಗೆ ಮುಂಚೆಯೇ ತಿರುಗುವ ದಂಡದ ಸುತ್ತುಗಳನ್ನು. ಹಲ್ಲಿನ ಜೋಡಿ ಬದಲಾದ ಮೇಲೆ ಚಕ್ರದ ಒಂದೊಂದು ಸುತ್ತಿಗೂ ದಂಡ ಹೆಚ್ಚು ಸುತ್ತುತ್ತಿತ್ತು. ಅದನ್ನು ಮೀಟರು ಹೆಚ್ಚಿನ ದಾರಿಯೆಂದೇ ಬಗೆಯುತ್ತಿತ್ತು. ಪ್ರತಿ ಬಾಡಿಗೆಗೂ 16 ಕಿಲೋಮೀಟರ್, ಅಂದರೆ 240 ರೂಪಾಯಿ, ನಾವು ನಡೆಯದ ದಾರಿಗೆ ಪಡೆದಿದ್ದೆವು. ಅಂಥ ಚೀಟಿಗಳು ಏಳು; ಏಳೂ ನನ್ನ ಕೈಬರಹದವು.

ಆ ರಾತ್ರಿ ಊಟಕ್ಕೆ ಕುಳಿತಾಗ ವಿಷಯವನ್ನು ತಿಳಿಸಿದೆ. ಹುಡುಗ ತಲೆ ತಗ್ಗಿಸಿದ. “ಕಾಕಾ, ಗೇರು ಬದಲಿಸಿದ ಸಾಲ ಇನ್ನೂ ತೀರಿಲ್ಲ. ನಾವು ಬೇಕಂತ ಮಾಡಿಲ್ಲಲ್ರಿ? ಯಾರೂ ಕೇಳಿಯೂ ಇಲ್ಲ,” ಎಂದ. ಅವನ ಮಾತಿನಲ್ಲಿ ಕಪಟವಿರಲಿಲ್ಲ, ಕಷ್ಟವಿತ್ತು. ನನಗೂ ತಕ್ಷಣ ಉತ್ತರ ತೋಚಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಅವನ ತಾಯಿ ತಿರುಗಿ ನೋಡದೆಯೇ ಹೇಳಿದಳು: “ಲಕ್ಕಮ್ಮ ಅಕ್ಕಿ ತಿರುಗಿ ಕಳಿಸಿದ್ದು ಇದೇ ಸೀಮೆಯೊಳಗೆ. ಆಕೀ ಮನಿಯಾಗ ಏನು ಸಿರಿ ತುಂಬಿತ್ತೇನು?”

ನಮ್ಮ ಜಿಲ್ಲೆಯ ಬಸವಕಲ್ಯಾಣವೇ ಹನ್ನೆರಡನೆಯ ಶತಮಾನದ ಕಲ್ಯಾಣ. ಅಲ್ಲಿ ಅಕ್ಕಿಯನ್ನು ಆಯ್ದು ಬದುಕುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಬೇಕಾದಷ್ಟನ್ನೇ ಇರಿಸಿಕೊಂಡು ಉಳಿದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದವಳು ಅವನ ಮಡದಿ ಆಯ್ದಕ್ಕಿ ಲಕ್ಕಮ್ಮ. ಆ ಕಥೆಯನ್ನು ನಾನು ಎಷ್ಟೋ ತರಗತಿಗಳಲ್ಲಿ ಹೇಳಿದ್ದೆ. ಅದು ನನ್ನ ಅಡುಗೆಮನೆಯಿಂದಲೇ ನನಗೆ ತಿರುಗಿ ಬಂದಿತ್ತು.

ಮುಂದಿನ ಭಾನುವಾರ ನಾವಿಬ್ಬರೂ ಮನೆಮನೆಗೆ ಹೋಗಿ ಹಣವನ್ನು ಹಿಂದಿರುಗಿಸಿದೆವು. 1,680 ರೂಪಾಯಿ ದೊಡ್ಡ ಮೊತ್ತವಲ್ಲ. ಆದರೆ ಒಂದೊಂದು ಹೊಸ್ತಿಲಿನಲ್ಲಿಯೂ ಕಾರಣವನ್ನು ವಿವರಿಸುವುದು ಸುಲಭವಾಗಿರಲಿಲ್ಲ. ಒಬ್ಬರು ನಕ್ಕರು, ಒಬ್ಬರು ಸಂಶಯದಿಂದ ನೋಡಿದರು. ಒಬ್ಬ ಮುದುಕಿ ಮಾತ್ರ ಹಣವನ್ನು ಸೆರಗಿಗೆ ಕಟ್ಟಿಕೊಂಡು, “ನಾಳಿಗೂ ನಿಮ್ಮ ಗಾಡಿನೇ ಕಳಸ್ರಿ,” ಎಂದಳು.

ಉಸ್ತಾದರು ಗೇರುಪೆಟ್ಟಿಗೆಯಿಂದ ಮೀಟರಿನ ತಂತಿಯನ್ನು ತಿರುಗಿಸುವ ಪುಟ್ಟ ಚಕ್ರವನ್ನು ತೆಗೆದು, ಹೆಚ್ಚು ಹಲ್ಲುಗಳಿರುವ ಇನ್ನೊಂದನ್ನು ಕೂಡಿಸಿಕೊಟ್ಟರು. ಈಗ ಮೀಟರೂ ಕಲ್ಲೂ ಒಂದೇ ಮಾತನ್ನಾಡುತ್ತವೆ. ಆದರೂ ಜಹೀರಾಬಾದಿನ ದಾರಿಯಲ್ಲಿ ಹುಡುಗ ಆಗಾಗ ಕೈಗಡಿಯಾರದತ್ತ ನೋಡಿ ಕಲ್ಲುಗಳನ್ನು ಎಣಿಸುತ್ತಾನೆ. ಪಕ್ಕದಲ್ಲಿ ಕುಳಿತ ನಾನು ಅದನ್ನು ಕಂಡೂ ಕಾಣದವನಂತೆ ಹೊಲಗಳ ಕಡೆಗೆ ಮುಖ ತಿರುಗಿಸುತ್ತೇನೆ.