ಬೇರು ಮೇಲಿರುವ ಮರ

ನಮ್ಮ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ 1948ರಲ್ಲಿ ಸಂಸ್ಕೃತದ ಬೃಹತ್ಕೋಶವೊಂದರ ಕಾರ್ಯವು ಆರಂಭವಾಯಿತು. ವಿದ್ವಾಂಸರು ಸುಮಾರು 1,500 ಗ್ರಂಥಗಳಿಂದ ಶಬ್ದಗಳನ್ನು ಆಯ್ದು ಸುಮಾರು ಒಂದು ಕೋಟಿ ಚೀಟಿಗಳನ್ನು ಸಿದ್ಧಪಡಿಸಿದರು. ಇವು ಕ್ರಮವಿಲ್ಲದೆ ರಾಶಿಬಿದ್ದಿದ್ದರೆ ಗತಿಯೇನು? ಬೇಕಾದ ಶಬ್ದವು ಇದ್ದೂ ಇಲ್ಲದಂತೆಯೇ ಸರಿ. ಸಂಗ್ರಹಿಸುವುದು ಅರ್ಧ ಕೆಲಸ. ಬೇಕಾದಾಗ ದೊರೆಯುವಂತೆ ಇರಿಸುವುದು ಉಳಿದರ್ಧ.

ಗಣಕಯಂತ್ರದ ಶಾಸ್ತ್ರಜ್ಞರು ಇದಕ್ಕಾಗಿ ಒಂದು ಮರವನ್ನು ಕಲ್ಪಿಸಿದ್ದಾರೆ. ಅದರ ಬೇರು ಮೇಲೆ, ಕೊಂಬೆಗಳು ಕೆಳಗೆ. ಒಂದೊಂದು ಗೆಣ್ಣಿನಲ್ಲಿ ಒಂದೊಂದು ಶಬ್ದ. ಅಕಾರಾದಿಯಲ್ಲಿ ಅದಕ್ಕಿಂತ ಮೊದಲಿನವು ಎಡಗೊಂಬೆಗೆ, ಅನಂತರದವು ಬಲಗೊಂಬೆಗೆ. ಹುಡುಕುವವನು ಪ್ರತಿ ಗೆಣ್ಣಿನಲ್ಲಿಯೂ ಒಂದು ಪಕ್ಕವನ್ನು ಪೂರ್ಣವಾಗಿ ಬಿಟ್ಟು ಕೆಳಗಿಳಿಯುತ್ತಾನೆ. ತುಂಬಿದ ಮರಕ್ಕೆ 3 ಅಂತಸ್ತುಗಳಿದ್ದರೆ 7 ಶಬ್ದಗಳು, 4 ಇದ್ದರೆ 15. ಹೀಗೆ ಇಮ್ಮಡಿಸುತ್ತ ಹೋಗಿ 24 ಅಂತಸ್ತುಗಳಲ್ಲಿ 1,67,77,215 ಶಬ್ದಗಳು ಹಿಡಿಯುತ್ತವೆ! ಕೋಟಿಯಲ್ಲಿ ಒಂದನ್ನು ಕಾಣಲು 24 ಹೋಲಿಕೆಗಳು ಸಾಕು.

ಆದರೆ ಇಲ್ಲೊಂದು ವಿಚಿತ್ರವಿದೆ. ಶಬ್ದಗಳು ಅಕಾರಾದಿಯಾಗಿಯೇ ಒಂದರ ಹಿಂದೊಂದು ಬಂದು ಸೇರಿದರೆ, ಎಲ್ಲವೂ ಬಲಕ್ಕೇ ಜೋತುಬೀಳುತ್ತವೆ. ಮರವು ಹಗ್ಗವಾಗುತ್ತದೆ, ಕಡೆಯ ಶಬ್ದವನ್ನು ಮುಟ್ಟಲು ಕೋಟಿ ಮೆಟ್ಟಿಲು ಇಳಿಯಬೇಕು! ಸೋವಿಯತ್ ದೇಶದ ಗಣಿತಜ್ಞರಾದ ಅಡೆಲ್ಸನ್-ವೆಲ್ಸ್ಕಿ ಮತ್ತು ಲ್ಯಾಂಡಿಸ್ ಅವರು 1962ರಲ್ಲಿ ಇದಕ್ಕೆ ಪರಿಹಾರವನ್ನು ಸೂಚಿಸಿದರು. ಯಾವ ಗೆಣ್ಣಿನಲ್ಲಿಯೂ ಎರಡು ಪಕ್ಕಗಳ ಎತ್ತರದಲ್ಲಿ ಒಂದಕ್ಕಿಂತ ಹೆಚ್ಚು ಅಂತರವಿರಬಾರದು. ಅಂತರ ಹೆಚ್ಚಿದೊಡನೆ ಕೊಂಬೆಗಳನ್ನು ತಿರುಗಿಸಿ ಸರಿದೂಗಿಸಬೇಕು.

ಈ ನಿಯಮಕ್ಕೆ ಒಳಪಟ್ಟು ಒಂದೊಂದು ಎತ್ತರದ ಮರಕ್ಕೆ ಕನಿಷ್ಠ ಎಷ್ಟು ಶಬ್ದಗಳು ಬೇಕು? 1, 2, 4, 7, 12. ಪ್ರತಿಯೊಂದಕ್ಕೂ ಒಂದನ್ನು ಕೂಡಿಸಿದರೆ 2, 3, 5, 8, 13. ಛಂದಸ್ಸನ್ನು ಓದಿದ ನಮಗೆ ಇವು ಹೊಸವಲ್ಲ! ಲಘುಗುರುಗಳಿಂದ ಎರಡು ಮಾತ್ರೆಗಳನ್ನು 2 ವಿಧದಲ್ಲಿ, ಮೂರನ್ನು 3 ವಿಧದಲ್ಲಿ, ನಾಲ್ಕನ್ನು 5 ವಿಧದಲ್ಲಿ, ಐದನ್ನು 8 ವಿಧದಲ್ಲಿ ತುಂಬಬಹುದಷ್ಟೆ. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ದೊರೆಯುವುದೆಂಬ ಈ ಕ್ರಮವನ್ನು ಹೇಮಚಂದ್ರಾಚಾರ್ಯರು 12ನೆಯ ಶತಮಾನದಲ್ಲಿಯೇ ಹೇಳಿದ್ದರು. ಇದರಿಂದ ಲೆಕ್ಕ ಹಾಕಿದರೆ, ಕೋಟಿ ಶಬ್ದಗಳ ಮರವು ಎಷ್ಟು ಕೆಟ್ಟದಾಗಿ ಬೆಳೆದರೂ 33 ಅಂತಸ್ತುಗಳನ್ನು ಮೀರದು.

ಆದುದರಿಂದ ಗೆಳೆಯರೆ, ಮಾತ್ರೆಗಳನ್ನು ಎಣಿಸುವುದು ಪರೀಕ್ಷೆಗಾಗಿ ಮಾತ್ರವೆಂದು ನಾವು ಬೇಸರಿಸದಿರೋಣ. ಕನ್ನಡದ ತರಗತಿಯಲ್ಲಿ ಕಲಿತ ಎಣಿಕೆಯೇ ಗಣಕಯಂತ್ರದ ಮರದ ಎತ್ತರವನ್ನೂ ಅಳೆಯುತ್ತದೆ.